ಸುಮ್ಕಿರಮ್ಮ, ನಿನಗೇನು ಗೊತ್ತಾಗ್ತದೆ?

ಯಾವುದಾದರೂ ತಾಲ್ಲೂಕು ಕೇಂದ್ರದ ಬ್ಯಾಂಕಿನಲ್ಲಿ ಸೋಮವಾರ ಬೆಳಿಗ್ಗೆ ಒಂದರ್ಧ ಗಂಟೆ ನಿಂತು ನೋಡಿ. ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ಕೂತಿರುತ್ತಾರೆ, ಹೆಂಗಸು. ಬಾಗಿಲ ಮೇಲೆ ಹೆಸರಿನ ಹಲಗೆಯೂ ಇದೆ. ಬೆಳೆ ಸಾಲದ ಕಾಗದ ಹಿಡಿದು ಬಂದ ಯಜಮಾನರು ತಲೆ ಒಳಗೆ ತೂರಿಸುತ್ತಾರೆ, ಅತ್ತ ಇತ್ತ ನೋಡುತ್ತಾರೆ, ಆಮೇಲೆ ಕೇಳುತ್ತಾರೆ: "ಸಾರ್ ಇಲ್ವಾ?"

"ನಾನೇ ಮ್ಯಾನೇಜರು, ಹೇಳಿ" ಅಂದರೂ ಆಸಾಮಿಗೆ ಸಮಾಧಾನವಿಲ್ಲ. "ಇರ್ಲಿ ಬುಡಿ, ಸಾರ್ ಬಂದ್ಮೇಲೆ ಬತ್ತೀನಿ" ಎಂದು ಹೊರಗೆ ಬೆಂಚಿನ ಮೇಲೆ ಕೂರುತ್ತಾರೆ. ಬರಬೇಕಾದ ಸಾರ್ ಯಾರೂ ಇಲ್ಲ. ಆ ಶಾಖೆಯಲ್ಲಿ ಇರುವ ಒಬ್ಬನೇ ಗಂಡಸು ಚಹಾ ತರಲು ಹೋಗಿರುತ್ತಾನೆ.

ಇದನ್ನು ಯಾರೂ ಬೈಗುಳ ಅನ್ನುವುದಿಲ್ಲ. ಯಜಮಾನರ ಮನಸ್ಸಿನಲ್ಲಿ ಕೆಟ್ಟದ್ದೂ ಇಲ್ಲ. ಮನೆಯಲ್ಲಿ ಮಗಳನ್ನು ಓದಿಸಿದವರೇ ಅವರು. ಆದರೂ ಬಾಯಿಂದ ಬರುವ ಮಾತು ಹಾಗೆ. ಆಫೀಸಿನಲ್ಲಿ "ಸಾರ್ ಇಲ್ವಾ", ಜಮೀನಿನ ಮಾತಿಗೆ "ಸುಮ್ಕಿರಮ್ಮ, ನಿನಗೇನು ಗೊತ್ತಾಗ್ತದೆ", ಜಗಳಕ್ಕೆ ಬಂದ ಗಂಡಸಿಗೆ "ಬಳೆ ತೊಟ್ಕೊಂಡಿದ್ದೀಯೇನ್ಲಾ", ಕಣ್ಣೀರು ಹಾಕಿದ ಗಂಡಸಿಗೆ "ಗಂಡಸಿಗ್ಯಾಕೆ ಗೌರಿ ದುಃಖ", ಹೆಂಗಸರು ನಾಲ್ಕು ಜನ ನಿಂತು ಮಾತಾಡಿದರೆ "ಏನಮ್ಮ, ಯಾರ ಮನೆ ಮುರೀತಿದ್ದೀರಿ". ಬುದ್ಧಿ ಮೊಣಕಾಲ ಕೆಳಗೆ ಎಂಬ ಗಾದೆಯಂತೂ ಗಾದೆಯೇ ಆಯಿತು. ಯಾವ ವೈದ್ಯ ಅಳೆದು ನೋಡಿದನೋ ಕಾಣೆ.

ಬಾಯಿಮಾತು ತಾನೆ, ಬಿಟ್ಟಾಕಿ ಅನ್ನುವವರು ಬಹಳ. ಬಿಟ್ಟು ಹಾಕಬಹುದಿತ್ತು, ಆ ಮಾತು ಬಾಯಲ್ಲೇ ಉಳಿದಿದ್ದರೆ. ಅದು ಅಲ್ಲಿ ಉಳಿಯುವುದಿಲ್ಲ. ಕೂಲಿ ಪುಸ್ತಕಕ್ಕೆ ಇಳಿಯುತ್ತದೆ, ಸರ್ಕಾರದ ಆದೇಶಕ್ಕೆ ಹೋಗುತ್ತದೆ, ಜನಗಣತಿಯ ಕಾಲಂನಲ್ಲಿ ಕೂರುತ್ತದೆ. ಅಲ್ಲಿ ಅದಕ್ಕೆ ರೂಪಾಯಿ ಪೈಸೆಯ ಬೆಲೆ ಬರುತ್ತದೆ.

ಗಂಡಾಳು, ಹೆಣ್ಣಾಳು

ಕಾವೇರಿ, ಕಬಿನಿ ನಾಲೆಗೆ ನೀರು ಬಿಟ್ಟು ಒಟ್ಲು ಪೈರು ಬೆಳೆದ ಮೇಲೆ ಊರೂರಲ್ಲೂ ಕೇಳುವ ಮಾತು: "ನಾಳೆ ನಾಟಿ, ಎಷ್ಟು ಹೆಣ್ಣಾಳು ಬೇಕು?" ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು. ಎರಡನೆಯದು ಕಮ್ಮಿ. ಯಾಕೆ ಕಮ್ಮಿ ಅಂತ ಕೇಳಿದರೆ ಉತ್ತರ ತಯಾರಿದೆ: "ಅದು ಹೆಣ್ಣಾಳು ಕೆಲಸ ಕಣಪ್ಪ."

ಆ ಕೆಲಸ ಏನು ಅಂತ ನೋಡೋಣ. ಮೊಣಕಾಲುದ್ದ ಕೆಸರು. ಬೆಳಿಗ್ಗೆಯಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿ, ಒಂದೊಂದೇ ಪೈರು ಬೆರಳಲ್ಲಿ ಊರುತ್ತಾ ಹಿಂದೆ ಹಿಂದೆ ಸರಿಯಬೇಕು. ಮಳೆ ಬಂದರೆ ಬೆನ್ನ ಮೇಲೆ ಒಂದು ಪ್ಲಾಸ್ಟಿಕ್ ಕೊಪ್ಪೆ. ಬೆರಳ ಸಂದಿ ಕೊಳೆಯುತ್ತದೆ, ಉಗುರು ಕಪ್ಪಾಗುತ್ತದೆ. ಈ ಕೆಲಸಕ್ಕೆ ಗಂಡಸರನ್ನು ಕರೆದರೆ "ನಮ್ ಕೈಲಾಗಲ್ಲ, ಸೊಂಟ ಬಗ್ಗಲ್ಲ" ಎನ್ನುತ್ತಾರೆ. ಕೈಲಾಗದವರಿಗೆ ಹೆಚ್ಚು ಕೂಲಿ, ಕೈಲಾಗುವವರಿಗೆ ಕಮ್ಮಿ ಕೂಲಿ! ಗಂಡಸರು ಬದು ಕಡಿಯುತ್ತಾರೆ, ಪೈರಿನ ಕಟ್ಟು ಹೊರುತ್ತಾರೆ, ಅದೂ ಕಷ್ಟದ ಕೆಲಸವೇ, ಇಲ್ಲವೆನ್ನುವಂತಿಲ್ಲ. ಆದರೆ ಯಾವುದು ಹೆಚ್ಚು ಕಷ್ಟ ಎಂದು ತಕ್ಕಡಿಯಲ್ಲಿ ತೂಗಿ ಕೂಲಿ ನಿಗದಿ ಮಾಡಿದವರು ಯಾರೂ ಇಲ್ಲ. ಹೆಸರು ನೋಡಿ ಮಾಡಿದ್ದು.

ಹಾಗಲ್ಲ ಅನ್ನುವವರು ನಾಟಿ ಮಷೀನು ಬಂದ ಊರಿಗೆ ಹೋಗಿ ನೋಡಲಿ. ಅದೇ ಗದ್ದೆ, ಅದೇ ಪೈರು, ಅದೇ ನಾಟಿ. ಮಷೀನಿನ ಸೀಟಿನ ಮೇಲೆ ಕೂತವನು ಗಂಡಸು. ಈಗ ಅದರ ಹೆಸರು ಹೆಣ್ಣಾಳು ಕೆಲಸ ಅಲ್ಲ. ಅವನು 'ಆಪರೇಟರ್'. ಎಕರೆ ಲೆಕ್ಕದಲ್ಲಿ ಬಾಡಿಗೆ, ಮಧ್ಯಾಹ್ನ ಬಾಡೂಟ. ಬಗ್ಗಲಾಗದ ಸೊಂಟದ ಸುದ್ದಿಯೇ ಇಲ್ಲ.

ಗಂಡು ಹೆಣ್ಣಿಗೆ ಸಮಾನ ಕೂಲಿ ಎಂದು ದೇಶದಲ್ಲಿ ಕಾನೂನು ಆಗಿದ್ದು 1976ರಲ್ಲಿ. ಅದರ ಹಿಂದಿನ ವರ್ಷ 1975 ಅಂತರರಾಷ್ಟ್ರೀಯ ಮಹಿಳಾ ವರ್ಷ, ಆ ಸಡಗರದಲ್ಲಿ ಮೊದಲು ಸುಗ್ರೀವಾಜ್ಞೆ ಹೊರಟಿತ್ತು. 2019ರ ವೇತನ ಸಂಹಿತೆಯಲ್ಲೂ ಅದೇ ಮಾತು ಸೇರಿದೆ. ಆದರೆ ಕಾನೂನಿನಲ್ಲಿ ಇರುವುದು 'ಒಂದೇ ಕೆಲಸ ಅಥವಾ ಅದೇ ರೀತಿಯ ಕೆಲಸ' ಎಂದು. ಗಂಡಾಳು ಕೆಲಸ, ಹೆಣ್ಣಾಳು ಕೆಲಸ ಎಂದು ಎರಡು ಹೆಸರಿಟ್ಟರೆ ಮುಗಿಯಿತು. ಒಂದೇ ಕೆಲಸ ಎಲ್ಲಿ ಬಂತು? ವಕೀಲರು ಬೇಕಿಲ್ಲ, ಗಾದೆ ಸಾಕು.

ಆದರೆ ಒಂದು ಕಡೆ ಈ ಲೆಕ್ಕ ತಪ್ಪಿತು. 2005ರ ಉದ್ಯೋಗ ಖಾತರಿ ಕಾಯಿದೆ ಬಂದಾಗ ಕೆರೆ ಹೂಳೆತ್ತುವ ಕೆಲಸಕ್ಕೆ ಗಂಡಾಳು ಹೆಣ್ಣಾಳು ಎಂಬ ಎರಡು ಕಾಲಂ ಇರಲಿಲ್ಲ. ಒಂದೇ ದರ. ದೇಶದಲ್ಲಿ ಆ ಯೋಜನೆಯ ಕೆಲಸದ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದ್ದೇ ಆಯಿತು. ಆಗ ಊರ ಜಗುಲಿಯ ಮೇಲೆ ಹುಟ್ಟಿದ ಮಾತು: "ಈ ಹೆಂಗಸ್ರು ಗದ್ದೆಗೆ ಕರೆದ್ರೆ ಬರಲ್ಲ, ಸೊಕ್ಕು ಬಂದದೆ." ಕೂಲಿ ಸಮ ಆಯಿತು ಎನ್ನುವುದಕ್ಕೆ ಊರಿನ ಭಾಷೆಯಲ್ಲಿ ಸೊಕ್ಕು ಎಂದು ಹೆಸರು.

"ಏನೂ ಇಲ್ಲ, ಮನೇಲೇ ಇದ್ದಾಳೆ"

ಹೆಂಡತಿ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನೂರಕ್ಕೆ ತೊಂಬತ್ತು ಗಂಡಂದಿರು ಹೇಳುವ ಉತ್ತರ ಇದು. ಹೆಂಡತಿಯೂ ಅದನ್ನೇ ಹೇಳುತ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದು, ಕಸ ಗುಡಿಸಿ, ರಂಗೋಲಿ ಬಿಟ್ಟು, ಹಾಲು ಕರೆದು, ಮೂರು ಡಬ್ಬಿಗೆ ತಿಂಡಿ ತುಂಬಿ, ಅತ್ತೆಯ ಮಾತ್ರೆ ಕೊಟ್ಟು, ನಲ್ಲಿ ನೀರು ನಿಲ್ಲುವ ಮೊದಲು ಹನ್ನೆರಡು ಬಿಂದಿಗೆ ಹಿಡಿದು, ಬಟ್ಟೆ ಒಗೆದು ಕೂತವಳನ್ನು ಗಣತಿಯವರು "ಏನ್ ಕೆಲಸ ಮಾಡ್ತೀರಮ್ಮ" ಅಂದರೆ "ಏನೂ ಇಲ್ಲ ಸಾ, ಮನೇಲೇ ಇರ್ತೀನಿ" ಎನ್ನುತ್ತಾಳೆ. ಆತ ಅದನ್ನು ಹಾಗೇ ಬರೆದುಕೊಳ್ಳುತ್ತಾನೆ.

ಬರೆದುಕೊಂಡರೆ ಏನಾಯಿತು? ಆಗಿದ್ದು ಇದು. 2001ರ ಜನಗಣತಿಯಲ್ಲಿ ದೇಶದ ಸುಮಾರು 36 ಕೋಟಿ ಹೆಂಗಸರು 'ಕೆಲಸ ಮಾಡದವರು' ಎಂಬ ಪಟ್ಟಿಗೆ ಸೇರಿದರು. ಅದೇ ಪಟ್ಟಿಯಲ್ಲಿ ಇದ್ದ ಇತರರು ಯಾರು ಗೊತ್ತೇ? ಭಿಕ್ಷುಕರು, ವೇಶ್ಯೆಯರು, ಜೈಲಿನ ಕೈದಿಗಳು. ಇದನ್ನು ಹೊರಗೆ ತೆಗೆದು ಛೀಮಾರಿ ಹಾಕಿದ್ದು ಸುಪ್ರೀಂ ಕೋರ್ಟು, 2010ರ ಜುಲೈಯಲ್ಲಿ. ಅಪಘಾತದಲ್ಲಿ ಸತ್ತ ಒಬ್ಬ ಗೃಹಿಣಿಯ ಪರಿಹಾರದ ಮೊಕದ್ದಮೆ ಅದು. ಆಗಿನ ಮೋಟಾರು ವಾಹನ ಕಾಯಿದೆಯ ಅನುಸೂಚಿಯ ಪ್ರಕಾರ ಸಂಪಾದನೆ ಇಲ್ಲದ ಹೆಂಡತಿಯ ಬೆಲೆ ಎಷ್ಟೆಂದರೆ, ಗಂಡನ ಆದಾಯದ ಮೂರನೇ ಒಂದು ಭಾಗ. ಅಂದರೆ ಒಬ್ಬ ಜವಾನನ ಹೆಂಡತಿ ಮಾಡಿದ ಮುದ್ದೆ ಅಗ್ಗ, ಇಂಜಿನಿಯರನ ಹೆಂಡತಿ ಮಾಡಿದ ಮುದ್ದೆ ದುಬಾರಿ. ಟ್ರಿಬ್ಯೂನಲ್ ಎರಡೂವರೆ ಲಕ್ಷ ಸಾಕೆಂದಿತ್ತು. ಸುಪ್ರೀಂ ಕೋರ್ಟು ಅದನ್ನು ಆರು ಲಕ್ಷ ಮಾಡಿತು. "ಮನೇಲೇ ಇದ್ದಾಳೆ" ಎಂಬ ಮೂರು ಕಾಸಿನ ಮಾತಿಗೆ ಮೂರೂವರೆ ಲಕ್ಷದ ವ್ಯತ್ಯಾಸ.

2021ರ ಜನವರಿಯಲ್ಲಿ ಇಂಥದೇ ಇನ್ನೊಂದು ಮೊಕದ್ದಮೆಯಲ್ಲಿ ಅದೇ ಕೋರ್ಟು 2011ರ ಗಣತಿಯ ಅಂಕಿಯನ್ನು ಮುಂದಿಟ್ಟಿತು. ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಎಂದವರಲ್ಲಿ ಹೆಂಗಸರು 15 ಕೋಟಿ 98 ಲಕ್ಷ. ಗಂಡಸರು 58 ಲಕ್ಷದ ಒಳಗೆ.

ಗಡಿಯಾರ ಇಟ್ಟು ಅಳೆದದ್ದೂ ಇದೆ. ಕೇಂದ್ರ ಸರ್ಕಾರದ ಅಂಕಿಸಂಖ್ಯೆ ಕಚೇರಿ 2019ರಲ್ಲಿ ಮನೆ ಮನೆಗೆ ಹೋಗಿ ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಕೇಳಿ ಬರೆದುಕೊಂಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಅಳೆದರು. ಹೆಂಗಸರದ್ದು 289ಕ್ಕೆ ಇಳಿದಿತ್ತು. ಹತ್ತು ನಿಮಿಷ ಉಳಿಯಿತು, ಬಹುಶಃ ಮಿಕ್ಸಿಯ ಪುಣ್ಯ. ಆದರೆ ಗಂಡಸರದ್ದೂ 88ಕ್ಕೆ ಇಳಿದಿತ್ತು! ಹೆಂಡತಿಗೆ ಸಿಕ್ಕ ಬಿಡುವಿನಲ್ಲೂ ಗಂಡ ಪಾಲು ತಗೊಂಡಿದ್ದಾನೆ. ಮಕ್ಕಳು, ಮುದುಕರು, ರೋಗಿಗಳ ಆರೈಕೆ ಇದರಲ್ಲಿ ಸೇರಿಲ್ಲ. ಅದು ಬೇರೆ: ಹೆಂಗಸರು 137 ನಿಮಿಷ, ಗಂಡಸರು 75.

ಕನ್ನಡದ ಮಾತಿನ ಗತ್ತೇ ಹಾಗಿದೆ ನೋಡಿ. ಗಂಡ 'ಯಜಮಾನರು', ಹೆಂಡತಿ 'ನಮ್ಮವಳು'. ಅವಳು "ರೀ, ಬನ್ರೀ" ಅನ್ನಬೇಕು, ಅವನು "ಏನೇ, ಬಾರೇ" ಅನ್ನಬಹುದು. ಹಳ್ಳಿಗಾಡಿನ ಕೆಲವು ಕಡೆ, ಹವ್ಯಕರ ಮಾತಿನಲ್ಲಂತೂ ಖಾಯಂ ಆಗಿ, ಹೆಂಗಸು 'ಅದು'. ಅದು ಬಂತು, ಅದು ಹೋಯ್ತು. ಅಲ್ಲಿ ತಾಯಿಯನ್ನೂ ಮಗಳನ್ನೂ ಪ್ರೀತಿಯಿಂದಲೇ ಹಾಗೆ ಕರೆಯುತ್ತಾರೆ, ಆದ್ದರಿಂದ ವ್ಯಾಕರಣದ ಮೇಲೆ ಕೇಸು ಹಾಕುವಂತಿಲ್ಲ. ಆದರೆ ಪತ್ರಿಕೆಗಳು? ಡಾಕ್ಟರು ಹೆಂಗಸಾದರೆ 'ಅವರು', ಪಾತ್ರೆ ತೊಳೆಯುವ ಹೆಂಗಸಾದರೆ 'ಅವಳು'. ಬೀದಿಯಲ್ಲಿ ಹುಡುಗಿಯ ಸೆರಗು ಎಳೆದರೆ 'ಚುಡಾವಣೆ'. ಅದೇನೋ ಅಣ್ಣ ತಂಗಿ ಆಟವಾಡಿದ ಹಾಗೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ನ್ಯಾಯಾಧೀಶರಿಗೂ ವಕೀಲರಿಗೂ ಒಂದು ಕೈಪಿಡಿ ಹೊರಡಿಸಿ, ಈವ್ ಟೀಸಿಂಗ್ ಅನ್ನಬೇಡಿ, ಬೀದಿಯ ಲೈಂಗಿಕ ಕಿರುಕುಳ ಅನ್ನಿ, 'ಒಳ್ಳೆಯ ಹೆಂಡತಿ' ಎಂದು ತೀರ್ಪಿನಲ್ಲಿ ಬರೆಯಬೇಡಿ, ಹೆಂಡತಿ ಅಂದರೆ ಸಾಕು ಎಂದು ಹೇಳಿತು. ದೊಡ್ಡ ಕೋರ್ಟಿನ ಮಾತು ಪತ್ರಿಕೆಯ ಡೆಸ್ಕಿಗೆ ಇನ್ನೂ ಪೂರ್ತಿ ತಲುಪಿಲ್ಲ.

ಗೌರವ ಉಂಟು, ಸಂಬಳ ಇಲ್ಲ

ಈ ಜಿಲ್ಲೆಗೆ ಸಂಬಂಧಪಟ್ಟ ಒಂದು ಸಂಗತಿ ಉಂಟು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿದ್ದು ತಿರುಮಕೂಡಲು ನರಸೀಪುರವನ್ನು. ನೂರು ಅಂಗನವಾಡಿಗಳು. ಅಂದಿನಿಂದ ಇಂದಿನವರೆಗೆ ಐವತ್ತು ವರ್ಷ ಮೀರಿತು. ಅಲ್ಲಿ ದುಡಿಯುವ ಹೆಂಗಸಿಗೆ ಸರ್ಕಾರ ಕೊಟ್ಟ ಹೆಸರು 'ಕಾರ್ಯಕರ್ತೆ'. ಟೀಚರಲ್ಲ, ನೌಕರಳಲ್ಲ, ಪಕ್ಷದ ಬಾವುಟ ಕಟ್ಟುವವರ ಹಾಗೆ ಕಾರ್ಯಕರ್ತೆ. ಕೊಡುವ ದುಡ್ಡಿಗೆ ಹೆಸರು 'ಗೌರವಧನ'.

ಗೌರವಧನ ಎಂಬ ಮಾತು ಕೇಳಲು ಎಷ್ಟು ಚೆನ್ನ! ಶಾಲು ಹೊದಿಸಿ ಕೊಟ್ಟ ಹಾಗಿದೆ. ಆದರೆ ಸಂಬಳ ಅಂದರೆ ಅದಕ್ಕೆ ಕನಿಷ್ಠ ಮಟ್ಟ ಇರುತ್ತದೆ, ಬಡ್ತಿ ಇರುತ್ತದೆ, ಪಿಂಚಣಿ ಕೇಳುತ್ತಾರೆ. ಗೌರವಧನಕ್ಕೆ ಅದೊಂದೂ ಇಲ್ಲ. ಮಕ್ಕಳನ್ನು ಆಡಿಸುವುದು, ಉಣ್ಣಿಸುವುದು ಹೆಂಗಸಿನ ಸ್ವಭಾವ, ಅದಕ್ಕೇಕೆ ಸಂಬಳ ಎಂಬ ಮನೆಯ ಮಾತೇ ವಿಧಾನಸೌಧಕ್ಕೆ ಹೋಗಿ ಆದೇಶವಾಗಿ ಹೊರಗೆ ಬಂತು. ಆ ಕಾರ್ಯಕರ್ತೆ ಮಕ್ಕಳ ತೂಕ ನೋಡಬೇಕು, ಬಸುರಿ ಬಾಣಂತಿಯರ ಲೆಕ್ಕ ಇಡಬೇಕು, ಮೊಬೈಲಿನಲ್ಲಿ ಫೋಟೋ ಸಮೇತ ದಾಖಲಿಸಬೇಕು, ಮತದಾರರ ಪಟ್ಟಿಗೂ ಓಡಾಡಬೇಕು. 2006ರಲ್ಲಿ ಕರ್ನಾಟಕದ್ದೇ ಮೊಕದ್ದಮೆಯಲ್ಲಿ, ಇವರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. 2017ರ ಮಾರ್ಚಿನಲ್ಲಿ ಸಾವಿರಾರು ಜನ ಬೆಂಗಳೂರಿನ ಫ್ರೀಡಂ ಪಾರ್ಕಿನ ಹತ್ತಿರ ರಸ್ತೆಯ ಮೇಲೇ ರಾತ್ರಿ ಮಲಗಿದರು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಕಾರ್ಯಕರ್ತೆಯರ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟು, ಹೆಸರು ಗೌರವಧನ ಎಂದಿದ್ದರೂ ಅದು ಮಾಡಿದ ಕೆಲಸದ ಕೂಲಿಯೇ, ಇವರಿಗೆ 1972ರ ಕಾಯಿದೆ ಪ್ರಕಾರ ಗ್ರಾಚ್ಯುಟಿ ಕೊಡಬೇಕು ಎಂದಿತು. ನರಸೀಪುರದಿಂದ ಲೆಕ್ಕ ಹಾಕಿದರೆ ಗೌರವ ಕೂಲಿಯಾಗಲು 47 ವರ್ಷ ಹಿಡಿಯಿತು.

ಮದುವೆ ಆದ್ಮೇಲೆ ಬಿಟ್ಟುಬಿಡ್ತೀರಾ?

ಕೆಲಸದ ಸಂದರ್ಶನಕ್ಕೆ ಹೋದ ಹುಡುಗಿಗೆ ಇಂದಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಹುಡುಗನಿಗೆ ಮದುವೆ ಆಗಿದೆ ಎಂದರೆ "ಸೆಟ್ಲ್ ಆಗಿದ್ದಾನೆ, ಜವಾಬ್ದಾರಿ ಉಂಟು" ಎಂದು ಒಂದು ಮಾರ್ಕು ಜಾಸ್ತಿ. ಹುಡುಗಿಗೆ ಒಂದು ಕಮ್ಮಿ.

ಪಕ್ಕದ ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಈ ಪ್ರಶ್ನೆಯನ್ನೇ ಕೋರ್ಟಿಗೆ ಎಳೆದವರು. ಭಾರತೀಯ ವಿದೇಶಾಂಗ ಸೇವೆಗೆ 1949ರಲ್ಲಿ ಸೇರಿದ ಮೊದಲ ಹೆಂಗಸು. ಆ ಸೇವೆಯ ನಿಯಮದಲ್ಲಿ ಬರೆದೇ ಇತ್ತು: ಹೆಂಗಸು ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೊಡಿಸಬಹುದು. ಮದುವೆಯಾದ ಹೆಂಗಸಿಗೆ ಕೆಲಸಕ್ಕೆ ಸೇರುವ ಹಕ್ಕೇ ಇಲ್ಲ ಎಂಬ ನಿಯಮ ಇನ್ನೊಂದು. ಬಡ್ತಿಯಲ್ಲಿ ತಮ್ಮನ್ನು ಹಿಂದೆ ಹಾಕಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿದ್ದಾಗಲೇ ಸರ್ಕಾರ ಎದ್ದು ಬಿದ್ದು ಬಡ್ತಿ ಕೊಟ್ಟಿತು! ಬಡ್ತಿ ಸಿಕ್ಕಿತಲ್ಲ ಎಂದು 1979ರಲ್ಲಿ ಅರ್ಜಿ ವಜಾ ಆಯಿತು, ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸುಮ್ಮನೆ ಬಿಡಲಿಲ್ಲ. ಸಂಸಾರ ಹೆಂಗಸಿಗೆ ಅಡ್ಡಿಯಾದರೆ ಗಂಡಸಿಗೆ ಯಾಕಾಗುವುದಿಲ್ಲ ಎಂಬ ಅರ್ಥದಲ್ಲಿ ಕೇಳಿ, ನಿಯಮಗಳನ್ನೆಲ್ಲಾ ತಿರುಗಿ ನೋಡಿ ಎಂದು ಸರ್ಕಾರಕ್ಕೆ ಬಿಸಿ ಮುಟ್ಟಿಸಿದರು.

ಪಂಚಾಯ್ತಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. ದೇಶದ ಸಂವಿಧಾನ ಹೆಂಗಸರಿಗೆ ಮೂರನೇ ಒಂದು ಭಾಗ ಕೊಡುವ ಮೊದಲೇ ಕರ್ನಾಟಕ 1987ರ ಚುನಾವಣೆಯಲ್ಲಿ ನೂರಕ್ಕೆ 25 ಕೊಟ್ಟಿತ್ತು. 2010ರಲ್ಲಿ ಅರ್ಧ ಕೊಟ್ಟಿತು. ಕುರ್ಚಿ ಬಂತು, ಜೊತೆಗೆ 'ಅಧ್ಯಕ್ಷೆ ಪತಿ' ಎಂಬ ಹೊಸ ಹುದ್ದೆಯೂ ಬಂತು. ಅಧ್ಯಕ್ಷೆ ಸಹಿ ಹಾಕಬೇಕು, ಪತಿರಾಯ ಮಾತಾಡಬೇಕು. ಆಕೆ ಬಾಯಿ ತೆರೆದರೆ ಸಭೆಯಲ್ಲೇ "ನೀ ಸುಮ್ಕಿರು". ಇದು ಎಷ್ಟು ಬೆಳೆಯಿತೆಂದರೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಇದಕ್ಕೇ ಒಂದು ಸಮಿತಿ ಮಾಡಿತು. 2025ರಲ್ಲಿ ವರದಿ ಬಂತು, ಇಂಥ ಪತಿಗಳಿಗೆ ತಕ್ಕ ದಂಡ ಹಾಕಿ ಎಂದು ಅದು ಹೇಳಿದೆ. ದಂಡ ಹಾಕಬೇಕಾದವರ ಮನೆಯಲ್ಲಿ ಯಾರು ಮಾತಾಡುತ್ತಾರೋ ಗೊತ್ತಿಲ್ಲ. ಹಾಗೆಂದು ಎಲ್ಲರೂ ಬೊಂಬೆಗಳಲ್ಲ. ಮೊದಲ ಸಭೆಯಲ್ಲಿ ಸೆರಗು ಹೊದ್ದು ಮೂಲೆಯಲ್ಲಿ ಕೂತವರು ಎರಡನೇ ಸಲ ಗೆದ್ದು ಬಂದು ಬಿಲ್ಲು ಕೇಳಿ ಸೆಕ್ರೆಟರಿಯ ಬೆವರಿಳಿಸಿದ ಉದಾಹರಣೆ ಯಾವ ತಾಲ್ಲೂಕಿಗೆ ಹೋದರೂ ಸಿಗುತ್ತದೆ. ಅವರಿಗೂ ಒಂದು ಹೆಸರಿದೆ, 'ಗಂಡುಬೀರಿ'.

ಇನ್ನು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ "ಬಿಟ್ಟಿ ಬಸ್ಸಿನವರು" ಎಂಬ ಪದ ಸೇರಿಕೊಂಡಿತು. ಕೂಲಿಗೆ ಹೋಗುವವಳು, ಆಸ್ಪತ್ರೆಗೆ ಹೋಗುವವಳು, ಯಾರೇ ಆಗಲಿ "ಊರು ಸುತ್ತೋಕೆ ಹೊರಟವ್ರೆ". ಆಕೆಯ ಕೈಗೆ ಕೊಡುವ ಶೂನ್ಯ ಟಿಕೆಟಿನ ದುಡ್ಡನ್ನು ಸರ್ಕಾರ ನಿಗಮಕ್ಕೆ ಕಟ್ಟಿಕೊಡಬೇಕು, ಕಂಡಕ್ಟರನ ಜೇಬಿನಿಂದ ಹೋಗುವುದಿಲ್ಲ. ಅದೇ ಬಸ್ಸಿನಲ್ಲಿ 'ಶಾಸಕರು, ಸಂಸದರು' ಎಂದು ಬಣ್ಣದಲ್ಲಿ ಬರೆದ ಸೀಟು ಇದೆ. ಅವರಿಗೂ ಪಾಸು ಉಂಟು. ಅವರನ್ನು ಬಿಟ್ಟಿ ಬಸ್ಸಿನವರು ಎಂದು ಯಾವ ಕಂಡಕ್ಟರೂ ಕರೆದದ್ದು ಕೇಳಿಲ್ಲ.

"ಇಷ್ಟಕ್ಕೆಲ್ಲಾ ದೂರಾ?"

ಮಾತು ಮೀರಿ, ದೂರು ಕೊಡುತ್ತೇನೆ ಎಂದಾಗ ಬರುವ ಮಾತು ಇದೇ. ಮನೆಯ ಜಗಳಕ್ಕಾದರೆ "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ". ಆಫೀಸಿನ ದೂರಿಗಾದರೆ "ತಮಾಷೆಗೆ ಅಂದ್ರಮ್ಮ". ಹಳ್ಳಿ ಹೆಂಗಸಿಗೆ ಮಾತ್ರ ಈ ಉತ್ತರ ಅಂದುಕೊಳ್ಳಬೇಡಿ. 1988ರಲ್ಲಿ ಚಂಡೀಗಢದ ಒಂದು ಔತಣದಲ್ಲಿ ಪಂಜಾಬಿನ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್, ಐ.ಎ.ಎಸ್. ಅಧಿಕಾರಿ ರೂಪನ್ ದೇವಲ್ ಬಜಾಜ್ ಅವರ ಹಿಂಭಾಗಕ್ಕೆ ಎಲ್ಲರೆದುರು ತಟ್ಟಿದರು. ದೂರು ಕೊಟ್ಟರೆ ಹೈಕೋರ್ಟು, ಇದು ಲೆಕ್ಕಕ್ಕೆ ತೆಗೆದುಕೊಳ್ಳದಷ್ಟು ಅಲ್ಪ ವಿಷಯ ಎಂದು ರದ್ದು ಮಾಡಿತು. 'ಇಷ್ಟಕ್ಕೆಲ್ಲಾ' ಎಂಬುದಕ್ಕೆ ದಂಡ ಸಂಹಿತೆಯಲ್ಲಿ ಸೆಕ್ಷನ್ನೇ ಇತ್ತು, 95ನೆಯದು. ಹೆಂಗಸಿನ ಮಾನ ಅಲ್ಪ ವಿಷಯವಲ್ಲ ಎಂದು ಸುಪ್ರೀಂ ಕೋರ್ಟು ಹೇಳುವ ಹೊತ್ತಿಗೆ 1995 ಆಗಿತ್ತು. ಮರುವರ್ಷ ಗಿಲ್ ಅಪರಾಧಿ ಎಂದಾಯಿತು, 2005ರಲ್ಲಿ ಕೊನೆಯ ಮೇಲ್ಮನವಿಯೂ ಬಿದ್ದಿತು. ಜಿಲ್ಲೆ ಆಳುವ ದರ್ಜೆಯ ಹೆಂಗಸಿಗೆ 17 ವರ್ಷ.

ಈಗ 2013ರ ಕಾಯಿದೆ ಇದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಯಾವುದೇ ಕಡೆ ಲೈಂಗಿಕ ಕಿರುಕುಳದ ದೂರಿಗೆ ಒಳಗಿನ ಸಮಿತಿ ಇರಬೇಕು, ಅದಕ್ಕೆ ಹೆಂಗಸೇ ಅಧ್ಯಕ್ಷೆಯಾಗಿರಬೇಕು. ಅಸಭ್ಯ ಮಾತು, ಅಶ್ಲೀಲ ಸನ್ನೆ ಎಲ್ಲವೂ ಅದರೊಳಗೆ ಬರುತ್ತವೆ. "ಸುಮ್ಕಿರಮ್ಮ, ನಿನಗೇನು ಗೊತ್ತಾಗ್ತದೆ" ಎಂಬುದು ಮಾತ್ರ ಸುಮ್ಮನೆ ಬರುವುದಿಲ್ಲ. ಹೆಂಗಸು ಎಂದು ಹೀಗಳೆಯುವ ಮಾತಿಗೆಲ್ಲಾ ಆ ಕಾಯಿದೆ ಮದ್ದಲ್ಲ.

ಹತ್ತು ಜನರಿಲ್ಲದ ಅಂಗಡಿ, ನರ್ಸಿಂಗ್ ಹೋಂ, ಮನೆಗೆಲಸ, ಗದ್ದೆ ಕೆಲಸದವರಿಗೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಇಂಥದೊಂದು ಸಮಿತಿ ಇದೆ ಎಂದು ನಾಟಿ ಗದ್ದೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತು ಮಾಡಿಸುವುದು ಜಿಲ್ಲಾಡಳಿತದ ಕೆಲಸ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ಬರವಣಿಗೆಯಲ್ಲಿ ಕೊಡಬೇಕು. ಬರೆಯಲು ಆಗದವರಿಗೆ ಬರೆಯಲು ಸಮಿತಿಯವರೇ ನೆರವು ಕೊಡಬೇಕು. "ಗಂಡನ್ನ ಕರ್ಕೊಂಡು ಬಾಮ್ಮ" ಅನ್ನುವಂತಿಲ್ಲ.